ಮೊಟ್ಟೆಯಿಲ್ಲದ ಮೊಸರು ಕೇಕ್: ನಡುವೆ ಕುಸಿಯುತ್ತಿದ್ದರೆ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ನಮ್ಮ ಮೊಸರು ಕೇಕ್ ಮಾಡಿ ನೋಡಿದವರು ಹಾಕಿದ, ನಡುವೆ ಕುಸಿದ ಕೇಕಿನ ಫೋಟೊಗಳನ್ನು ನೋಡಿ ಅಳತೆ ಇನ್ನೊಮ್ಮೆ ಹಾಕುತ್ತಿದ್ದೇವೆ.

ಮೈದಾ ಒಂದೂವರೆ ಕಪ್ (ಸುಮಾರು 190 ಗ್ರಾಂ), ಗಟ್ಟಿ ಮೊಸರು 1 ಕಪ್, ಸಕ್ಕರೆ ಮುಕ್ಕಾಲು ಕಪ್, ಎಣ್ಣೆ ಅರ್ಧ ಕಪ್, ಬೇಕಿಂಗ್ ಪೌಡರ್ ಒಂದೂಕಾಲು ಚಮಚ, ಅಡುಗೆ ಸೋಡಾ ಅರ್ಧ ಚಮಚ. ಚಮಚ ಅಂದರೆ 5 ಎಂಎಲ್ ಅಳತೆಯದು, ಊಟದ ಚಮಚ ಅಲ್ಲ! ಸೋಡಾ ಹೆಚ್ಚಾದರೆ ಕೇಕ್ ಉಬ್ಬಿ ಕುಸಿಯುತ್ತದೆ, ಸೋಪಿನ ರುಚಿಯೂ ಬರುತ್ತದೆ.

ಮೊಸರಿನಲ್ಲಿ ಸಕ್ಕರೆ ಕರಗಿಸಿ, ಪೌಡರ್, ಸೋಡಾ ಹಾಕಿ ಐದು ನಿಮಿಷ ಬಿಡಿ, ನೊರೆ ಏಳುತ್ತದೆ. ಆಮೇಲೆ ಎಣ್ಣೆ, ಜರಡಿ ಹಿಡಿದ ಮೈದಾ. ಗಂಟು ಒಡೆದ ಕೂಡಲೇ ಕೈ ನಿಲ್ಲಿಸಿ. ತಿರುವುತ್ತಲೇ ಇದ್ದರೆ ಅಂಟು ಬಲಿತು ಕೇಕ್ ರಬ್ಬರಿನಂತಾಗುತ್ತದೆ. ಕಲಸಿದ ಹಿಟ್ಟನ್ನು ಹಾಗೇ ಇಡಬಾರದು, ಗುಳ್ಳೆ ಆರಿಹೋಗುತ್ತದೆ. ಓವನ್ ಮೊದಲೇ 180 ಡಿಗ್ರಿಗೆ ಕಾದಿರಲಿ. 35–40 ನಿಮಿಷ ಬೇಕು. ಮೊದಲ ಅರ್ಧ ಗಂಟೆ ಬಾಗಿಲು ತೆಗೆದು ಇಣುಕಬೇಡಿ.

ಕುಕ್ಕರ್‌ನಲ್ಲಿ ಮಾಡುವವರು ಗ್ಯಾಸ್ಕೆಟ್, ವಿಷಲ್ ಎರಡನ್ನೂ ತೆಗೆಯಿರಿ, ನೀರು ಹಾಕಲೇಬೇಡಿ. ತಳಕ್ಕೆ ಉಪ್ಪು ಹಾಸಿ, ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿದ ಮೇಲೆ ಸಣ್ಣ ಉರಿಯಲ್ಲಿ 45–50 ನಿಮಿಷ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಬಾರದು.

ಬಿಸಿಯಲ್ಲೇ ಪಾತ್ರೆ ಬೋರಲು ಹಾಕಬೇಡಿ, ಎರಡು ತುಂಡಾಗುತ್ತದೆ.