ಫಾರಂ ತುಂಬಿ ಕೊಟ್ಟವರಿಗೆ

"ಆಪರೇಷನ್ ಮಾಡಿಸಿದ್ರೆ ಸರಿಹೋಗುತ್ತಾ? ಸ್ಕ್ರೂ ಹಾಕಲೇಬೇಕಾ?" ಸೊಂಟದ ಮಟ್ಟದಲ್ಲಿ ಬೆನ್ನೆಲುಬಿನ ಒಂದು ಮೂಳೆ ಇನ್ನೊಂದರ ಮೇಲೆ ಜಾರಿದೆ ಎಂದು ಗೊತ್ತಾದವರು ಮೊದಲು ಕೇಳುವುದು ಇದನ್ನೇ. ಇವತ್ತು ಅಂಕಿ ಸಮೇತ ಉತ್ತರ ಹೇಳಲು ಆಗುತ್ತಿರುವುದು ಅಧ್ಯಯನಗಳಿಗೆ ತಮ್ಮ ಬೆನ್ನನ್ನೇ ಒಪ್ಪಿಸಿದ ರೋಗಿಗಳಿಂದ. ಈ ಧನ್ಯವಾದ ಅವರಿಗೆ.

ಮೊದಲು ಅಮೆರಿಕದ 'ಸ್ಪೋರ್ಟ್' ಎಂಬ ಬೆನ್ನಿನ ಅಧ್ಯಯನದಲ್ಲಿ ಹೀಗೆ ಮೂಳೆ ಜಾರಿದ್ದ 607 ಜನರಿಗೆ. ಆಪರೇಷನ್ ಯಾರಿಗೆ ಎಂಬುದನ್ನು ಚೀಟಿ ಎತ್ತಿದಂತೆ ತೀರ್ಮಾನಿಸಲು ಅವರಲ್ಲಿ 304 ಮಂದಿ ಒಪ್ಪಿದ್ದರು. ವರ್ಷ ತುಂಬುವಷ್ಟರಲ್ಲಿ ಎರಡೂ ಗುಂಪಿನಲ್ಲಿ ಸುಮಾರು ಶೇ. 40 ಮಂದಿ ಚೀಟಿಯ ಚಿಕಿತ್ಸೆ ಬಿಟ್ಟು ಇನ್ನೊಂದಕ್ಕೆ ಆಚೀಚೆಯಾದರು. ಹಾಗಾಗಿ ಚೀಟಿಯ ಪ್ರಕಾರ ಲೆಕ್ಕ ಹಾಕಿದರೆ ವ್ಯತ್ಯಾಸ ಕಾಣಲಿಲ್ಲ. ನಿಜವಾಗಿ ಪಡೆದ ಚಿಕಿತ್ಸೆಯ ಪ್ರಕಾರ ನೋಡಿದರೆ ಆಪರೇಷನ್ ಆದವರ ನೋವು, ಓಡಾಟ ಎರಡೂ ಹೆಚ್ಚು ಸುಧಾರಿಸಿದ್ದವು. ಆಚೀಚೆಯಾದವರನ್ನು ದೂರುವಂತಿಲ್ಲ, ಕಾಲು ಸೆಳೆಯುವಾಗ ಚೀಟಿಗೆ ಯಾರು ಕಟ್ಟುಬೀಳುತ್ತಾರೆ?

ಸ್ಕ್ರೂ ಪ್ರಶ್ನೆಗೆ ನಾರ್ವೆಯ 267 ಜನರಿಗೆ ಕೈಮುಗಿಯಬೇಕು. ವಯಸ್ಸಿನ ಸವೆತದಿಂದ ಒಂದೇ ಕಡೆ 3 ಮಿ.ಮೀ. ಅಥವಾ ಹೆಚ್ಚು ಜಾರಿದ್ದವರು. ಒಂದು ಗುಂಪಿಗೆ ನರದ ಮೇಲಿನ ಒತ್ತಡ ಬಿಡಿಸಿದ್ದಷ್ಟೇ. ಇನ್ನೊಂದಕ್ಕೆ ಜೊತೆಗೆ ಸ್ಕ್ರೂ, ರಾಡ್ ಹಾಕಿ ಮೂಳೆ ಬೆಸೆದರು. 2021ರಲ್ಲಿ ಬಂದ ಫಲಿತಾಂಶ: ಎರಡು ವರ್ಷದ ನಂತರ ತೊಂದರೆಯ ಅಂಕ ಕನಿಷ್ಠ ಶೇ. 30ರಷ್ಟು ಇಳಿದವರು ಬೆಸುಗೆಯಿಲ್ಲದೆ ಶೇ. 71.4, ಬೆಸುಗೆಯೊಂದಿಗೆ ಶೇ. 72.9. ಮತ್ತೆ ಆಪರೇಷನ್ ಆದವರು ಕ್ರಮವಾಗಿ ಶೇ. 12.5 ಮತ್ತು 9.1. ಆದರೆ ಬೆನ್ನೆಲುಬಿನ ಹಿಂಬದಿಯ ಕಮಾನಿನ ಮೂಳೆಯೇ ಬಿರುಕುಬಿಟ್ಟು ಜಾರಿದ್ದರೆ, ಅಥವಾ ಜಾರಿಕೆ ಕೆಳಗಿನ ಮೂಳೆಯ ಅಗಲದ ಅರ್ಧ ದಾಟಿದ್ದರೆ, ಈ ಲೆಕ್ಕ ನಡೆಯದು. ಅಲ್ಲಿ ಬರೀ ಒತ್ತಡ ಬಿಡಿಸಿದರೆ ಮೂಳೆ ಇನ್ನಷ್ಟು ಜಾರಬಹುದು.

ನಾರ್ವೆಯ ಈ ತೊಂದರೆಯ ಅಂಕ ಬಂದದ್ದು ಆಸ್ವೆಸ್ಟ್ರಿ ಫಾರಂನಿಂದ, ಅಂದರೆ ಬೆನ್ನುನೋವು ದಿನದ ಬದುಕನ್ನು ಎಷ್ಟು ಕಾಡುತ್ತಿದೆ ಎಂದು ರೋಗಿಯೇ ತುಂಬುವ ಫಾರಂನಿಂದ. ಹತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 5. ಒಟ್ಟು 50, ದುಪ್ಪಟ್ಟು ಮಾಡಿದರೆ ಶೇಕಡಾ. ಎಂಟನೆಯದು ಲೈಂಗಿಕ ಜೀವನದ ಬಗ್ಗೆ. ಅದನ್ನು ಖಾಲಿ ಬಿಟ್ಟವರೂ ಮುಜುಗರಪಡಬೇಕಿಲ್ಲ, ಆಗ 45ಕ್ಕೆ ಲೆಕ್ಕ ಹಾಕುತ್ತಾರೆ.

ಎಲ್ಲರಿಗಿಂತ ದೊಡ್ಡ ಧನ್ಯವಾದ ಗುಣವಾಗದೆಯೂ ಫಾರಂ ತುಂಬಿದವರಿಗೆ. ಸಿಗರೇಟಿನಿಂದಲೋ ಇನ್ನಾವುದರಿಂದಲೋ ಬೆಸುಗೆ ಕೂಡದವರು, ಟೊಳ್ಳುಮೂಳೆಯಲ್ಲಿ ಸ್ಕ್ರೂ ಸಡಿಲವಾದವರು, ಪಕ್ಕದ ಡಿಸ್ಕ್ ಸವೆದವರು, ಕಾಲುನೋವು ಹೋದರೂ ಬೆನ್ನುನೋವು ಉಳಿದವರು. ಇವರು ಸುಮ್ಮನಾಗಿಬಿಟ್ಟಿದ್ದರೆ ಫಲಿತಾಂಶ ಇದ್ದದ್ದಕ್ಕಿಂತ ಚೆಂದ ಕಾಣುತ್ತಿತ್ತು. ಮುಂದಿನ ಫಾರಂ ನಿಮ್ಮ ಕೈಗೆ ಬಂದಾಗ ಎರಡು ಉತ್ತರಗಳ ನಡುವೆ ತೂಗಾಡಿದರೆ, ಇವತ್ತಿನ ಸ್ಥಿತಿಗೆ ಹತ್ತಿರದ್ದಕ್ಕೆ ಗುರುತು ಹಾಕಿ. ಡಾಕ್ಟರಿಗೆ ಬೇಜಾರಾದೀತೆಂದು ಕಡಿಮೆ ಹಾಕಬೇಡಿ.