ಡೀಸೆಲ್ ಡ್ರಮ್ಮಿನ ತಳ ಒಮ್ಮೆ ಮುಟ್ಟಿ ನೋಡಿ

ಸಂಪಾದಕರೇ,

ಮಳೆಗಾಲದ ಕರೆಂಟಿನ ಬಗ್ಗೆ ನಿಮಗೆ ಬೇಕಾದಷ್ಟು ಪತ್ರ ಬಂದಿರುತ್ತವೆ, ನಾನು ಅದನ್ನು ಬರೆಯುತ್ತಿಲ್ಲ. ಕರೆಂಟು ಹೋಗುತ್ತದೆ ಅಂತ ಜನರೇಟರ್ ಇಟ್ಟುಕೊಂಡ ಮನೆಗಳಲ್ಲಿ ಕೊಟ್ಟಿಗೆ ಮೂಲೆಯಲ್ಲೊಂದು ಡೀಸೆಲ್ ಡ್ರಮ್ಮೂ ಇರುತ್ತದಲ್ವಾ, ಅದರ ಬಗ್ಗೆ.

ಹೋದ ಆಷಾಢದಲ್ಲಿ ನಮ್ಮ ಜನರೇಟರ್ ರಾತ್ರಿ ಕೆಮ್ಮಿ ಕೆಮ್ಮಿ ನಿಂತಿತು. ಮಾರನೇ ದಿನ ಬಂದ ಮೆಕ್ಯಾನಿಕ್ ಏನನ್ನೂ ಬಿಚ್ಚಲಿಲ್ಲ. ಡ್ರಮ್ಮಿನ ತಳದಿಂದ ಪೈಪಿನಲ್ಲಿ ಎಳೆದು ಗಾಜಿನ ಬಾಟಲಿಗೆ ತುಂಬಿಸಿ ಜಗಲಿ ಮೇಲಿಟ್ಟು, "ಕಾಫಿ ಕುಡಿಯಾಣ, ಆಮೇಲೆ ನೋಡಿ" ಅಂದರು. ಲೋಟ ಖಾಲಿಯಾಗುವಷ್ಟರಲ್ಲಿ ಮೇಲೆ ಹಳದಿ ಡೀಸೆಲ್, ಕೆಳಗೆ ಮೂರು ಬೆರಳು ನೀರು, ಅದರಡಿ ಕೆಮ್ಮಣ್ಣಿನಂಥ ತುಕ್ಕು. ನಾನು ಬಂಕಿನವರನ್ನು ಸುಮ್ನೆ ಬೈದಿದ್ದೆ. ಅರ್ಧ ಖಾಲಿ ಡ್ರಮ್ಮಿನೊಳಗೆ ತೇವದ ಗಾಳಿ ಸೇರಿ, ರಾತ್ರಿ ತಣ್ಣಗಾದಾಗ ತಗಡು ಒಳಗಿನಿಂದಲೇ ಬೆವರುತ್ತದೆ, ಆ ನೀರು ಡೀಸೆಲ್‌ಗಿಂತ ಭಾರ, ಇಳಿದು ತಳ ಸೇರಿ ಅಲ್ಲಿಂದಲೇ ತಿನ್ನಲು ಶುರುಮಾಡುತ್ತದೆ. ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ.

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಮಗಳ ಮನೆಯ ನೆಲಮಾಳಿಗೆಯಲ್ಲಿ 275 ಗ್ಯಾಲನ್ ಎಣ್ಣೆ ಟ್ಯಾಂಕಿದೆ, ಅಂದರೆ ಸಾವಿರ ಲೀಟರಿಗೂ ಜಾಸ್ತಿ. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಆ ಎಣ್ಣೆ ಡೀಸೆಲ್‌ನ ದಾಯಾದಿಯೇ. ಲಾರಿಯವನು ಹೊರಗಿನಿಂದ ತುಂಬಿಸುವಾಗ ಟ್ಯಾಂಕು ಸಿಳ್ಳೆ ಹಾಕುತ್ತದೆ, ಸಿಳ್ಳೆ ನಿಂತರೆ ತುಂಬಿತು ಅಂತ ಲೆಕ್ಕ. ವರ್ಷಕ್ಕೊಮ್ಮೆ ಒಬ್ಬ ಬಂದು ಫಿಲ್ಟರ್ ಬದಲಿಸಿ, ಟ್ಯಾಂಕಿನಡಿ ಕೈಯಾಡಿಸಿ ಜಿನುಗು ಇದೆಯಾ ನೋಡುತ್ತಾನೆ. ಎಣ್ಣೆ ಪೈಪಿಗೆ ಸುರಕ್ಷತಾ ವಾಲ್ವ್ ಅಥವಾ ಹೊರಕವಚ ಇರಲೇಬೇಕು ಅಂತ ಅಲ್ಲಿ ಕಾನೂನೇ ಇದೆ.

ನಮ್ಮ ಡ್ರಮ್ಮಿಗೆ ಅಷ್ಟು ಉಪಚಾರ ಬೇಡ. ಮಣ್ಣಿನ ಮೇಲಿಡದೆ ಎರಡು ಕಲ್ಲಿನ ಮೇಲೇರಿಸಿ, ಮಿರ್ಗದ (ಮೃಗಶಿರಾ) ಮಳೆ ಹುಟ್ಟುವ ಮೊದಲು ಒಣ ಬಟ್ಟೆಯಿಂದ ತಳ ಒರೆಸಿ ಮೂಸಿ ನೋಡಿದರೆ ಸಾಕು. ಮುಚ್ಚಳದ ವಾಷರ್ ಹಳೆಯದಾಗಿದ್ದರೆ ಬದಲಿಸಿ. ಬಾವಿಯ ಹತ್ತಿರ ಮಾತ್ರ ಬೇಡವೇ ಬೇಡ, ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಜಿನುಗಿದ್ದು ಎಲ್ಲಿ ಏಳುತ್ತದೋ ಹೇಳಲಾಗದು.

ಇನ್ನೊಂದು. ಹೀಗೆ ತೆಗೆದ ಕೊಳಕು ನೀರನ್ನು ಎಲ್ಲಿ ಹಾಕಬೇಕು? ಪಂಚಾಯಿತಿಯಲ್ಲಿ ಕೇಳಿದರೆ "ತೋಟದಾಚೆ ಚೆಲ್ಲಿ ಮಾರಾಯ್ರೆ" ಅಂದರು. ತೋಟದಾಚೆ ಹಳ್ಳ, ಹಳ್ಳ ಹೋಗಿ ಸೇರುವುದು ತುಂಗೆಗೆ. ಹಳೇ ಎಣ್ಣೆ ಕೊಡಲು ತಾಲ್ಲೂಕಿಗೊಂದು ಜಾಗವನ್ನಾದರೂ ತೋರಿಸಲಿ. ಆ ಬಾಟಲಿ ಇನ್ನೂ ನಮ್ಮ ಕೊಟ್ಟಿಗೆ ಕಿಟಕಿಯಲ್ಲೇ ಇದೆ.

ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು