ಕತ್ತು ಅವರದು, ತಿರುಗಿಸುವವರೂ ಅವರೇ

ಪ್ರಿಯ ಗೆಳೆಯಾ,

ನೀನು ಕಳಿಸಿದ ಯಕ್ಷಗಾನ ಬಯಲಾಟದ ವಿಡಿಯೋ ನೋಡಿದೆ. ಜಾಗ ಚೆನ್ನಾಗಿ ಆರಿಸಿದ್ದೀಯ, ವೇಷಗಳೂ ಚೆನ್ನಾಗಿ ಬಂದಿವೆ. ಆದರೆ ನನಗೆ ತಲುಪಿದ್ದು ಹೆಡ್‌ಸೆಟ್ ಹಾಕಿಕೊಂಡು ಸುತ್ತಲೂ ತಿರುಗಿ ನೋಡುವ ವಿಆರ್ ವಿಡಿಯೋ ಅಲ್ಲ. ಅಗಲಕ್ಕೆ ಎಳೆದ ಒಂದು ಚಪ್ಪಟೆ ಚಿತ್ರ ಅಷ್ಟೆ. ಮೇಲೆ ಚಪ್ಪರ ಬಾಗಿಕೊಂಡಿದೆ, ಕೆಳಗೆ ಸ್ಟ್ಯಾಂಡಿನ ಕಾಲು ಇಡೀ ಅಂಚಿಗೆ ಹರಡಿಕೊಂಡಿದೆ. ಎಲ್ಲಾ ಹಾಳಾಯಿತು ಅಂತ ನೀನು ಬೇಜಾರು ಮಾಡಿಕೊಂಡಿದ್ದೀಯ. ಏನೂ ಹಾಳಾಗಿಲ್ಲ. 360 ಡಿಗ್ರಿ ವಿಡಿಯೋ ಫೈಲಿನೊಳಗೆ ಒಂದು ಚಿಕ್ಕ ಗುರುತು ಇರುತ್ತದೆ. ಇದನ್ನು ಗೋಳಕ್ಕೆ ಸುತ್ತಿ ತೋರಿಸು ಅಂತ ಪ್ಲೇಯರಿಗೆ ಹೇಳುವುದು ಅದೇ. ನೀನು ಮೆಸೇಜ್ ಆ್ಯಪ್‌ನಲ್ಲಿ ಕಳಿಸಿದಾಗ ಅದು ವಿಡಿಯೋವನ್ನು ಮತ್ತೆ ಹಿಂಡಿ ಚಿಕ್ಕದು ಮಾಡಿತು, ಗುರುತೂ ಉದುರಿಹೋಯಿತು. ಫೋನಿನ ಗ್ಯಾಲರಿಯಲ್ಲಿ ಟ್ರಿಮ್ ಮಾಡಿದರೂ ಎಷ್ಟೋ ಸಲ ಹೀಗೇ ಆಗುತ್ತದೆ. ಇನ್ನು ಮುಂದೆ ಡ್ರೈವ್ ಲಿಂಕ್ ಕಳಿಸು, ಇಲ್ಲವಾದರೆ ಡಾಕ್ಯುಮೆಂಟ್ ಆಗಿ ಕಳಿಸು.

ಈಗ ನೀನು ಕೇಳಿದ ಮುಖ್ಯ ಪ್ರಶ್ನೆ. ಎಡಿಟ್ ಹೇಗೆ ಮಾಡುವುದು, ಎಕ್ಸ್‌ಪೋರ್ಟ್ ಹೇಗೆ ಮಾಡುವುದು ಅಂತ. ಅದಕ್ಕಿಂತ ಮೊದಲು ಒಂದು ವಿಷಯ ತೀರ್ಮಾನ ಮಾಡು. ಈ ಕ್ಯಾಮೆರಾಗಳಿಂದ ಎರಡು ಥರದ ಕೆಲಸ ಆಗುತ್ತದೆ. ಒಂದು, ಸುತ್ತಲೂ ಹಿಡಿದದ್ದರಲ್ಲಿ ನಮಗೆ ಬೇಕಾದ ಕೋನ ಆರಿಸಿ ಮಾಮೂಲಿ ಚೌಕಟ್ಟಿನ ವಿಡಿಯೋ ತೆಗೆಯುವುದು, ರೀಫ್ರೇಮ್ ಅಂತಾರೆ. ಇನ್ನೊಂದು, ಇಡೀ ಗೋಳವನ್ನೇ ನೋಡುವವರ ಕೈಗೆ ಕೊಡುವುದು. ನೀನು ನೋಡಿದ ಪಾಠಗಳೆಲ್ಲಾ ಹೆಚ್ಚುಕಮ್ಮಿ ಮೊದಲನೆಯದಕ್ಕೆ ಮಾಡಿದವು. ಹಾಗಾಗಿಯೇ ನಿನ್ನ ಟೈಮ್‌ಲೈನ್ ತುಂಬ ಕೀಫ್ರೇಮ್ (ನೋಟ ಎಲ್ಲಿಂದ ಎಲ್ಲಿಗೆ ತಿರುಗಬೇಕು ಅಂತ ಹೇಳುವ ಬಿಂದುಗಳು) ಇವೆ, ಹಾಡುವ ಭಾಗವತರಿಂದ ವೇಷಧಾರಿಗೆ, ಅಲ್ಲಿಂದ ಚೆಂಡೆಯವರಿಗೆ ನೋಟ ತಿರುಗುತ್ತಲೇ ಇದೆ. ಫೋನಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಮಸ್ಕತ್‌ನಲ್ಲಿ ನಿನ್ನ ಅಕ್ಕ ಹೆಡ್‌ಸೆಟ್ ಹಾಕಿಕೊಂಡು ನೋಡುವವರು ತಾನೆ? ಅವರ ಕತ್ತು ಸುಮ್ನೆ ನಿಂತಿರುವಾಗ ಜಗತ್ತು ತಾನಾಗಿ ತಿರುಗಿದರೆ ಕಣ್ಣು ಒಂದು ಹೇಳುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಇನ್ನೊಂದು ಹೇಳುತ್ತದೆ, ಸ್ವಲ್ಪ ಹೊತ್ತಿಗೆ ಹೊಟ್ಟೆ ತೊಳಸುತ್ತದೆ. ವಿಆರ್‌ನಲ್ಲಿ ನಿನ್ನ ಕೆಲಸ ನೋಟ ತಿರುಗಿಸುವುದಲ್ಲ, ಕೂರುವ ಜಾಗ ಆರಿಸಿ ಕೊಡುವುದು. ಆ ಕೀಫ್ರೇಮ್‌ಗಳನ್ನೆಲ್ಲಾ ತೆಗೆದುಬಿಡು. ನಾನು ಈ ಪತ್ರದಲ್ಲಿ ಬೇರೆ ಏನು ಹೇಳಿದರೂ ಇದರ ಹಿಂದೆಯೇ ಬರುವ ಮಾತು.

ಯಕ್ಷಗಾನಕ್ಕೆ ಈ ಮಾಧ್ಯಮ ಎಷ್ಟು ಹೊಂದುತ್ತದೆ ಅಂತ ನನಗೆ ನಿಜವಾಗಿಯೂ ಖುಷಿ. ರಂಗಸ್ಥಳ ಮೂರು ಕಡೆ ತೆರೆದಿರುತ್ತದೆ, ಹಿಂದೆ ಹಾಡು, ಚೆಂಡೆಯವರ ಹಿಮ್ಮೇಳ, ಎದುರಿಗೆ ವೇಷಧಾರಿಗಳ ಮುಮ್ಮೇಳ, ಸುತ್ತ ಜನ. ಮಾಮೂಲಿ ಕ್ಯಾಮೆರಾದವರು ವೇಷದ ಮುಖ ಹಿಡಿದರೆ ಭಾಗವತರು ತಪ್ಪಿಹೋಗುತ್ತಾರೆ, ಅವರನ್ನು ಹಿಡಿದರೆ ಕುಣಿತ ತಪ್ಪುತ್ತದೆ. ಇಲ್ಲಿ ಯಾರೂ ತಪ್ಪುವುದಿಲ್ಲ, ಮುಂದಿನ ಸಾಲಿನಲ್ಲಿ ನಿದ್ದೆ ಹೋದ ಮಗುವೂ ಸೇರಿ. ಪದ ಬಂದಾಗ ಭಾಗವತರನ್ನು ನೋಡುವುದೋ, ಅರ್ಥ ಹೇಳುವಾಗ ಎದುರು ವೇಷದ ಮುಖಭಾವ ನೋಡುವುದೋ, ಅದು ಆಟ ನೋಡುವವರಿಗೆ ಬಿಟ್ಟದ್ದು. ಬಯಲಿನಲ್ಲಿ ಕೂತವರೂ ಹಾಗೇ ತಾನೆ ನೋಡುವುದು.

ಆದರೆ ಜಾಗ ಹತ್ತಿರ ಇರಬೇಕು. ನಿನ್ನ ಇನ್‌ಸ್ಟಾ360 ಎಕ್ಸ್3 ಕ್ಯಾಮೆರಾ 5.7ಕೆ ಅಂತಾರೆ, ಎರಡು ಲೆನ್ಸಿನ ಚಿತ್ರಗಳನ್ನು ಒಂದಾಗಿ ಹೊಲಿದ ಮೇಲೆ 5760×2880 ಪಿಕ್ಸೆಲ್. ಕೇಳಲು ಜಾಸ್ತಿ, ಆದರೆ ಅದು ಇಡೀ ಸುತ್ತಳತೆಗೆ. 360 ಡಿಗ್ರಿಗೆ ಹಂಚಿದರೆ ಒಂದು ಡಿಗ್ರಿಗೆ 16 ಪಿಕ್ಸೆಲ್ ಮಾತ್ರ. ಕಿರೀಟ ಸೇರಿ ಎರಡು ಮೀಟರ್ ಎತ್ತರದ ವೇಷ ಹತ್ತು ಮೀಟರ್ ದೂರ ಇದ್ದರೆ ತಲೆಯಿಂದ ಕಾಲಿನವರೆಗೆ ಸುಮಾರು 180 ಪಿಕ್ಸೆಲ್ ಸಿಗುತ್ತದೆ, ಕಣ್ಣಿನ ಬಣ್ಣಗಾರಿಕೆ ಏನೂ ಕಾಣುವುದಿಲ್ಲ. ಐದು ಮೀಟರ್‌ಗೆ ಬಂದರೆ 360. ಎರಡು ಮೀಟರ್‌ಗೆ ಬಂದರೆ ಸುಮಾರು 850. ಕ್ವೆಸ್ಟ್ 3 ಹೆಡ್‌ಸೆಟ್‌ನ ಪರದೆ ಒಂದೊಂದು ಕಣ್ಣಿಗೆ 2064×2208, ಅದೂ ಇಡೀ ಸುತ್ತಳತೆಗಲ್ಲ, ಎದುರಿಗೆ ಕಾಣುವ ಭಾಗಕ್ಕೆ ಮಾತ್ರ, ಅಂದರೆ ನಮ್ಮ ವಿಡಿಯೋಗಿಂತ ಅದರ ಪರದೆಯೇ ಸ್ಪಷ್ಟ. ಚಪ್ಪರದ ಕೊನೆಯಲ್ಲಿ ಸ್ಟ್ಯಾಂಡ್ ನಿಲ್ಲಿಸಿದರೆ ಯಾವ ಸಾಫ್ಟ್‌ವೇರೂ ಕಾಪಾಡುವುದಿಲ್ಲ. ರಂಗಸ್ಥಳದ ಮುಂದಿನ ಅಂಚಿಗೆ, ಕೂತವರ ಕಣ್ಣಿನ ಎತ್ತರಕ್ಕೆ ಇಡು. ಹಿಂದೆ ಕೂತವರಿಗೆ ಅಡ್ಡ ಆಗದ ಹಾಗೆ ತೆಳು ಸ್ಟ್ಯಾಂಡ್ ಸಾಕು.

ಇಡುವಾಗ ಒಂದು ಲೆನ್ಸ್ ನೇರ ರಂಗಸ್ಥಳದ ಕಡೆ, ಇನ್ನೊಂದು ನೇರ ಜನರ ಕಡೆ ಇರಲಿ. ಎರಡು ಲೆನ್ಸ್‌ಗಳ ನಡುವಿನ ಹೊಲಿಗೆ ಆಗ ಎಡ ಬಲ ಪಕ್ಕಕ್ಕೆ ಬೀಳುತ್ತದೆ. ಎರಡೂ ಲೆನ್ಸ್ ಒಂದೇ ಜಾಗದಲ್ಲಿ ಇಲ್ಲದ ಕಾರಣ ಹೊಲಿಗೆಯ ಮೇಲೆ ತೀರಾ ಹತ್ತಿರ ಬಂದದ್ದು ಎರಡಾಗಿ ಒಡೆಯುತ್ತದೆ, ಇಲ್ಲವೇ ಅರ್ಧ ಮಾಯ ಆಗುತ್ತದೆ. ನಿನ್ನ ವಿಡಿಯೋದಲ್ಲಿ ವೇಷಧಾರಿ ದಿಗಿಣ ಹಾಕುತ್ತಾ ಪಕ್ಕಕ್ಕೆ ಬಂದಾಗ ಭುಜಕೀರ್ತಿ ತುಂಡಾದದ್ದು ಅದಕ್ಕೇ. ಸಾಫ್ಟ್‌ವೇರಿನಲ್ಲಿ ಆಪ್ಟಿಕಲ್ ಫ್ಲೋ ಹೊಲಿಗೆ ಆರಿಸಿದರೆ ಸ್ವಲ್ಪ ಸುಧಾರಿಸುತ್ತದೆ, ನಿಧಾನ ಆಗುತ್ತದೆ ಅಷ್ಟೆ. ಆದರೆ ಒಂದು ಮೀಟರ್‌ಗಿಂತ ಹತ್ತಿರದ್ದನ್ನು ಅದೂ ಪೂರ್ತಿ ಸರಿಮಾಡಲಾರದು.

ಬೆಳಕಿನದ್ದು ಇನ್ನೊಂದು ಕತೆ. ರಂಗಸ್ಥಳ ಝಗಝಗ, ಜನರ ಕಡೆ ಕತ್ತಲೆ. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಕತ್ತಲೆ ನೋಡಿ ಬೆಳಕು ಏರಿಸುತ್ತದೆ, ವೇಷದ ಮುಖ ಬೆಳ್ಳಗೆ ಸುಟ್ಟುಹೋಗುತ್ತದೆ. ಮ್ಯಾನುವಲ್ ಹಾಕು, ಎರಡೂ ಲೆನ್ಸ್‌ಗೆ ಒಂದೇ ಅಳತೆ ಇರಲಿ, ವೇಷದ ಮುಖಕ್ಕೆ ಸರಿಯಾಗಿ ಹೊಂದಿಸು. ಜನ ಕತ್ತಲೆಯಲ್ಲೇ ಇರಲಿ, ಆಟ ನಡೆಯುವುದೂ ಹಾಗೇ. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಅದಕ್ಕೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ಟ್ಯೂಬ್‌ಲೈಟಿನ ಮಿಣಮಿಣ ಬರುವುದಿಲ್ಲ. ನೀನು 30 ಫ್ರೇಮ್‌ನಲ್ಲಿ ತೆಗೆದಿದ್ದೀಯ, ಬೆಳಕಿನ ಅಲೆ ಓಡುತ್ತಿರುವುದು ಕಾಣುತ್ತದೆ.

ಸರಿ, ಎಡಿಟಿಂಗ್. ಕಾರ್ಡಿನಲ್ಲಿ ಒಂದೊಂದು ಶಾಟಿಗೆ ಎರಡು ಐಎನ್‌ಎಸ್‌ವಿ ಫೈಲ್ ಇರುತ್ತವೆ, ಒಂದರ ಹೆಸರಿನ ನಡುವೆ 00, ಇನ್ನೊಂದರಲ್ಲಿ 10. ಒಂದೊಂದು ಲೆನ್ಸಿಗೆ ಒಂದೊಂದು. ಹೆಸರು ಬದಲಿಸಬೇಡ, ಬೇರೆ ಬೇರೆ ಫೋಲ್ಡರಿಗೆ ಹಾಕಬೇಡ, ಜೋಡಿ ತಪ್ಪಿದರೆ ಅರ್ಧ ಗೋಳ ಹೋದ ಹಾಗೆ. 120 ಎಂಬಿಪಿಎಸ್ (ಸೆಕೆಂಡಿಗೆ 120 ಮೆಗಾಬಿಟ್) ಲೆಕ್ಕದಲ್ಲಿ ನಿಮಿಷಕ್ಕೆ 900 ಎಂಬಿ, ಗಂಟೆಗೆ 54 ಜಿಬಿ. ಬೆಳಗಿನವರೆಗೆ ನಡೆಯುವ ಆಟಕ್ಕೆ ಎಷ್ಟು ಡಿಸ್ಕ್ ಬೇಕು ನೀನೇ ಲೆಕ್ಕ ಹಾಕು. ಕ್ಯಾಮೆರಾ ಕಂಪನಿಯ ಉಚಿತ ಸ್ಟುಡಿಯೋ ಸಾಫ್ಟ್‌ವೇರಿನಲ್ಲಿ ಹೊಲಿದು, ರೀಫ್ರೇಮ್ ಅಲ್ಲ, 360 ವಿಡಿಯೋ ಅಂತ ಆರಿಸಿ ಹೊರಗೆ ತೆಗೆ. ಸಿಗುವ ಚಿತ್ರದ ಅಗಲ ಎತ್ತರದ ಸರಿಯಾಗಿ ಎರಡರಷ್ಟು ಇರುತ್ತದೆ. ಶಾಲೆಯ ಗೋಡೆಯ ಮೇಲಿನ ಭೂಪಟ ಇದೆಯಲ್ಲ, ಅದೇ ಥರ, ನಡುವೆ ಸರಿ, ಮೇಲೆ ಕೆಳಗೆ ಹೋದಷ್ಟೂ ಹಿಗ್ಗು. ಈ ಎರಡಕ್ಕೆ ಒಂದರ ಅಳತೆ ಕೊನೆಯವರೆಗೂ ಕೆಡಬಾರದು. ನಿನ್ನ ಸೀಕ್ವೆನ್ಸ್ 1920×1080ರಲ್ಲಿ ಇತ್ತು. ಅಲ್ಲಿಯೇ ಮೇಲೆ ಕೆಳಗೆ ಕಪ್ಪು ಪಟ್ಟಿ ಸೇರಿಕೊಂಡಿತು, ಹೆಡ್‌ಸೆಟ್‌ನಲ್ಲಿ ಅದು ತಲೆಯ ಮೇಲೊಂದು, ಕಾಲಡಿಯಲ್ಲೊಂದು ಕಪ್ಪು ಗುಂಡಿಯಾಗಿ ಕಾಣುತ್ತದೆ.

ಎಡಿಟಿಂಗನ್ನು ಅಡೋಬಿ ಪ್ರೀಮಿಯರ್‌ನಲ್ಲಿ ಮಾಡುವೆಯಾದರೆ ಸೀಕ್ವೆನ್ಸ್ ಸೆಟ್ಟಿಂಗ್‌ನಲ್ಲಿ ವಿಆರ್ ಪ್ರಾಪರ್ಟೀಸ್‌ಗೆ ಹೋಗಿ ಈಕ್ವಿರೆಕ್ಟ್ಯಾಂಗುಲರ್ (ಆ ಭೂಪಟದ ಥರದ ಚಿತ್ರ), ಮೋನೋಸ್ಕೋಪಿಕ್ ಆರಿಸು. ಎರಡು ಲೆನ್ಸ್ ಇದ್ದ ಮಾತ್ರಕ್ಕೆ ಅದು ತ್ರೀಡಿ ಅಲ್ಲ, ಎರಡೂ ಕಣ್ಣಿಗೆ ಒಂದೇ ಚಿತ್ರ. ಇಲ್ಲಿ ಮುಖ್ಯ ಎಚ್ಚರ ಒಂದಿದೆ. ಭೂಪಟದ ಎಡ ಅಂಚು ಬಲ ಅಂಚು ಗೋಳದಲ್ಲಿ ಬೆನ್ನ ಹಿಂದೆ ಕೂಡುತ್ತವೆ. ಮಾಮೂಲಿ ಬ್ಲರ್, ಶಾರ್ಪನ್, ವಿನ್ಯೆಟ್ ಹಾಕಿದರೆ ಸಾಫ್ಟ್‌ವೇರಿಗೆ ಆ ಅಂಚುಗಳು ಕೂಡುತ್ತವೆ ಅಂತ ಗೊತ್ತಿರುವುದಿಲ್ಲ, ಬೆನ್ನ ಹಿಂದೆ ಮೇಲಿನಿಂದ ಕೆಳಗೆ ಒಂದು ಗೆರೆ ಮೂಡುತ್ತದೆ. ಮಾನಿಟರಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಇದಕ್ಕೆ ಅಂತಲೇ ವಿಆರ್ ಬ್ಲರ್, ವಿಆರ್ ಶಾರ್ಪನ್, ವಿಆರ್ ಡಿನಾಯ್ಸ್ ಬೇರೆ ಇವೆ. ಇವು ಮೂಲದಲ್ಲಿ ಮೆಟಲ್ ಅನ್ನುವ ಕಂಪನಿ ಮಾಡಿದ ಸ್ಕೈಬಾಕ್ಸ್ ಪ್ಲಗಿನ್‌ಗಳು, 2017ರಲ್ಲಿ ಅಡೋಬಿ ಕೊಂಡುಕೊಂಡು ಪ್ರೀಮಿಯರ್ ಒಳಗೇ ಸೇರಿಸಿತು. ಪ್ರಸಂಗದ ಹೆಸರು ಹಾಕುವಾಗಲೂ ಅಷ್ಟೆ, ಸುಮ್ನೆ ಟೈಟಲ್ ಹಾಕಿದರೆ ಅಕ್ಷರ ಬಾಗುತ್ತದೆ, ಪ್ಲೇನ್ ಟು ಸ್ಫಿಯರ್ ಮೂಲಕ ಹಾಕು. ಅಕ್ಷರ ಚಿಕ್ಕದಿರಲಿ, ನೋಡುವವರು ಕತ್ತು ತಿರುಗಿಸಿ ಓದಬೇಕಾದಷ್ಟು ಅಗಲ ಬೇಡ.

ಆಮೇಲೆ ಕ್ಷಿತಿಜ. ಸ್ಟ್ಯಾಂಡ್ ಒಂದಿಷ್ಟು ಓರೆ ನಿಂತಿದ್ದರೂ ಹೆಡ್‌ಸೆಟ್ ಹಾಕಿದವರಿಗೆ ತಾವೇ ವಾಲಿದ ಹಾಗೆ ಅನಿಸುತ್ತದೆ. ವಿಆರ್ ಪ್ರೊಜೆಕ್ಷನ್‌ನಲ್ಲಿ ಟಿಲ್ಟ್, ರೋಲ್ ಸರಿಮಾಡಿ ಚಪ್ಪರದ ಕಂಬಗಳು ನೆಟ್ಟಗೆ ನಿಲ್ಲುವ ಹಾಗೆ ಹೊಂದಿಸು. ಕಂಬಕ್ಕಿಂತ ಒಳ್ಳೆ ಅಳತೆಗೋಲು ಬೇಡ.

ಕಟ್ ಎಲ್ಲಿ ಮಾಡುವುದು ಅನ್ನುವುದೇ ನನಗೆ ತುಂಬಾ ಇಷ್ಟದ ಭಾಗ. ಗೂಗಲ್‌ನಲ್ಲಿ ವಿಆರ್ ಚಿತ್ರಗಳ ಕೆಲಸ ಮಾಡಿದ ಜೆಸ್ಸಿಕಾ ಬ್ರಿಲ್‌ಹಾರ್ಟ್ ಇದರ ಬಗ್ಗೆ ತುಂಬಾ ಯೋಚಿಸಿದವರು. ಅವರ ವಿಚಾರ ಸರಳ. ಈ ಕ್ಷಣ ಜನ ಎಲ್ಲಿ ನೋಡುತ್ತಿರಬಹುದು ಅಂತ ಊಹಿಸು, ಮುಂದಿನ ಶಾಟಿನಲ್ಲಿ ಕಾಣಬೇಕಾದದ್ದು ಅದೇ ದಿಕ್ಕಿಗೆ ಬರುವ ಹಾಗೆ ಆ ಇಡೀ ಗೋಳವನ್ನು ತಿರುಗಿಸಿಡು. ಮೊದಲು ಬೇಡ ಅಂದ ತಿರುಗಿಸುವಿಕೆ ಬೇರೆ, ಇದು ಬೇರೆ. ಇಲ್ಲಿ ಶಾಟ್ ಶುರುವಾಗುವ ಮೊದಲೇ ತಿರುಗಿಸಿಟ್ಟಿರುತ್ತೀಯ, ನಡುವೆ ಅಲುಗುವುದಿಲ್ಲ. ಆಟದಲ್ಲಿ ಊಹಿಸುವುದು ಕಷ್ಟವೇ ಅಲ್ಲ, ಅಲ್ವಾ? ವೇಷ ತೆರೆಯ ಹಿಂದಿನಿಂದ ಪ್ರವೇಶ ಮಾಡುವ ತೆರೆ ಒಡ್ಡೋಲಗ ಬಂದಾಗ ಎಲ್ಲರ ಕಣ್ಣೂ ತೆರೆಯ ಮೇಲೆ. ಚೆಂಡೆ ಏರಿದಾಗ ಪ್ರವೇಶದ ಕಡೆ. ಆ ಘಳಿಗೆ ಹಿಡಿದು ಕಟ್ ಮಾಡು. ಬಣ್ಣದ ವೇಷ ಚೌಕಿಯಲ್ಲಿ (ಬಣ್ಣ ಹಚ್ಚಿಕೊಳ್ಳುವ ಜಾಗ) ಮುಖಕ್ಕೆ ಚಿಟ್ಟಿ ಇಡುತ್ತಿರುವ ಶಾಟ್ ತೆಗೆದಿದ್ದೀಯಲ್ಲ, ಅದರಲ್ಲಿ ಮುಖ ಇರುವ ದಿಕ್ಕಿಗೇ ತೆರೆ ಬರುವ ಹಾಗೆ ಮುಂದಿನ ಶಾಟ್ ಹೊಂದಿಸಿದರೆ ನೋಡುವವರು ಹುಡುಕಬೇಕಾಗಿಲ್ಲ. ಶಾಟ್‌ಗಳು ಉದ್ದ ಇರಲಿ. ಹೊಸ ಜಾಗಕ್ಕೆ ಬಂದವರಿಗೆ ಸುತ್ತ ಒಮ್ಮೆ ನೋಡಲು ಹೊತ್ತು ಬೇಕು. ಇಪ್ಪತ್ತು ಸೆಕೆಂಡಿಗಿಂತ ಕಡಿಮೆ ಮಾಡಬೇಡ. ಒಂದು ಪದ, ಅದರ ಕುಣಿತ, ಅದರ ಅರ್ಥ, ಇಷ್ಟೂ ಒಂದೇ ಶಾಟಿನಲ್ಲಿ ಬಂದರೆ ನನಗಂತೂ ಇನ್ನೂ ಸಂತೋಷ. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಾಗ ಚಿಕ್ಕದಾಗಿ ಕಪ್ಪಿಗೆ ಇಳಿಸಿ ಏರಿಸು, ಪಕ್ಕದಿಂದ ಜಾರುವ ವೈಪ್ ಬೇಡವೇ ಬೇಡ.

ಧ್ವನಿಯ ಬಗ್ಗೆ ನೀನು ಏನೂ ಕೇಳಲಿಲ್ಲ, ನಾನು ಹೇಳಲೇಬೇಕು. ಕ್ಯಾಮೆರಾದ ಮೈಕಿಗೆ ಗಾಳಿ, ಜನರೇಟರ್, ಪಕ್ಕದವರ ಮಾತು ಎಲ್ಲಾ ಸೇರಿ ಭಾಗವತರ ಸ್ವರ ಹಿಂದೆ ಬಿದ್ದಿದೆ. ಮೈಕಿನವರನ್ನು ಕೇಳಿ ಮಿಕ್ಸರಿನಿಂದ ಒಂದು ಲೈನ್ ತೆಗೆದುಕೋ, ಜತೆಗೆ ಬಯಲಿನ ಸದ್ದು ಬೇರೆ ರೆಕಾರ್ಡ್ ಮಾಡು, ಎರಡನ್ನೂ ಬೆರೆಸು. ಮುಂದೆ ದುಡ್ಡು ಒದಗಿದರೆ ಝೂಮ್ ಎಚ್3-ವಿಆರ್ ಥರದ ಆಂಬಿಸೋನಿಕ್ ರೆಕಾರ್ಡರ್ ತೆಗೆದುಕೋ. ನಾಲ್ಕು ಚಾನೆಲ್‌ನಲ್ಲಿ ಸದ್ದಿನ ದಿಕ್ಕನ್ನೂ ಹಿಡಿಯುತ್ತದೆ, ಕತ್ತು ತಿರುಗಿಸಿದರೆ ಚೆಂಡೆ ಇದ್ದಲ್ಲೇ ಇರುತ್ತದೆ. ಅದರ ಜತೆ ನೆನಪಿಡಬೇಕಾದ್ದು ಒಂದೇ, ಕಟ್‌ಗೋಸ್ಕರ ಚಿತ್ರವನ್ನು 40 ಡಿಗ್ರಿ ತಿರುಗಿಸಿದರೆ ಸದ್ದನ್ನೂ 40 ಡಿಗ್ರಿ ತಿರುಗಿಸಬೇಕು. ಇಲ್ಲವಾದರೆ ಭಾಗವತರು ಒಂದು ಕಡೆ, ಪದ ಇನ್ನೊಂದು ಕಡೆ.

ಎಕ್ಸ್‌ಪೋರ್ಟ್ ಮಾಡುವಾಗ ಎಚ್.265, 5760×2880, 25 ಫ್ರೇಮ್, ಸುಮಾರು 100 ಎಂಬಿಪಿಎಸ್. ಎಚ್.265 ಅಂದರೆ ವಿಡಿಯೋವನ್ನು ಹಿಂಡುವ ಒಂದು ವಿಧಾನ, ಅದರ ಹಳೆಯ ವಿಧಾನವಾದ ಎಚ್.264 ಬೇಡ. 4096 ಪಿಕ್ಸೆಲ್ ಅಗಲ ದಾಟಿದ ಎಚ್.264 ಅನ್ನು ಎಷ್ಟೋ ಫೋನು, ಹೆಡ್‌ಸೆಟ್‌ಗಳ ಚಿಪ್ ಸರಾಗವಾಗಿ ಓಡಿಸುವುದಿಲ್ಲ, ತಡವರಿಸುತ್ತದೆ. ವಿಡಿಯೋ ಈಸ್ ವಿಆರ್ ಅನ್ನುವ ಚೌಕಕ್ಕೆ ಟಿಕ್ ಹಾಕು, ಮೊದಲು ಹೇಳಿದ ಗುರುತು ಫೈಲಿಗೆ ಸೇರುವುದು ಅಲ್ಲಿ. ಪ್ರೀಮಿಯರ್ ಬದಲು ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟರ್ ಬಳಸುವುದಾದರೆ ಅದರ ಉಚಿತ ಆವೃತ್ತಿ 3840×2160 ದಾಟುವುದಿಲ್ಲ, 3840×1920ಕ್ಕೆ ಇಳಿಸಬೇಕಾಗುತ್ತದೆ, ಡಿಗ್ರಿಗೆ ಹನ್ನೊಂದು ಪಿಕ್ಸೆಲ್ಲೂ ಉಳಿಯುವುದಿಲ್ಲ. ನನ್ನ ಮಟ್ಟಿಗೆ ಯಕ್ಷಗಾನದ ಮುಖವರ್ಣಿಕೆಗೆ ಅದು ಸಾಲದು. ಗುರುತು ಹಾಕದ ಯಾವುದೇ ಎಡಿಟರ್ ಆದರೂ ಗೂಗಲ್‌ನ ಸ್ಪೇಷಿಯಲ್ ಮೀಡಿಯಾ ಮೆಟಾಡೇಟಾ ಇಂಜೆಕ್ಟರ್ ಅನ್ನುವ ಪುಟ್ಟ ಉಚಿತ ಸಾಧನ ಇದೆ. ಫೈಲ್ ತೆರೆದು ಮೊದಲ ಚೌಕಕ್ಕೆ ಟಿಕ್ ಹಾಕಿದರೆ ಗುರುತು ಇರುವ ಹೊಸ ಪ್ರತಿ ಕೊಡುತ್ತದೆ. ವಿಡಿಯೋವನ್ನು ಮತ್ತೆ ಹಿಂಡುವುದಿಲ್ಲ, ಗುಣಮಟ್ಟ ಕೆಡುವುದಿಲ್ಲ.

ಯೂಟ್ಯೂಬ್ 2015ರಿಂದಲೇ 360 ವಿಡಿಯೋ ತೆಗೆದುಕೊಳ್ಳುತ್ತಿದೆ. ಏರಿಸಿದ ಕೂಡಲೇ ಮಸುಕಾಗಿ ಕಂಡರೆ ಗಾಬರಿ ಬೇಡ, ದೊಡ್ಡ ಅಳತೆ ತಯಾರಾಗಲು ಹೊತ್ತು ಹಿಡಿಯುತ್ತದೆ. ಅಕ್ಕನಿಗೆ ಮಾತ್ರ ಫೈಲನ್ನೇ ಕಳಿಸು, ಯೂಟ್ಯೂಬ್ ಹಿಂಡುವುದಕ್ಕಿಂತ ಅದು ಎಷ್ಟೋ ಮೇಲು. ಫೈಲಿನ ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಹಾಕಿ 360 ಅಂತ ಸೇರಿಸಿದರೆ ಹೆಡ್‌ಸೆಟ್‌ನ ಪ್ಲೇಯರ್‌ಗಳು ಹೆಚ್ಚಾಗಿ ತಾವೇ ಗುರುತು ಹಿಡಿಯುತ್ತವೆ. ಕಳಿಸುವ ಮೊದಲು ಯಾರದ್ದಾದರೂ ಹೆಡ್‌ಸೆಟ್ ಎರವಲು ತಂದು ಪೂರ್ತಿ ನೋಡು. ತಿರುಗುವ ಕುರ್ಚಿಯಲ್ಲಿ ಕೂತು, ಬೆನ್ನ ಹಿಂದೆ, ಕಾಲಡಿಯಲ್ಲಿ, ಎಲ್ಲಾ ಕಡೆ.

ಇನ್ನೊಂದು ಮಾತು, ಮೇಳದವರ ಒಪ್ಪಿಗೆ ತೆಗೆದುಕೊಂಡೇ ಹಾಕು. ಭಾಗವತರಿಗೂ, ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿದ್ದವರಿಗೂ ಕ್ಯಾಮೆರಾ ಸುತ್ತಲೂ ಹಿಡಿಯುತ್ತದೆ ಅಂತ ಮೊದಲೇ ಹೇಳಿರು, ಒಂದೇ ಕಡೆ ಹಿಡಿಯುತ್ತದೆ ಅಂದುಕೊಂಡು ಹಿಂದೆ ನಿರಾಳವಾಗಿ ಕೂತವರು ಇರುತ್ತಾರೆ. ಬೇಡ ಅಂದವರ ಶಾಟ್ ತೆಗೆದುಬಿಡು. ತೆಗೆದದ್ದರ ಒಂದು ಪ್ರತಿ ಮೇಳಕ್ಕೂ ಕೊಡು. ಮುಂದಿನ ತಿರುಗಾಟದಲ್ಲಿ ರಂಗಸ್ಥಳದ ಅಂಚಿನಲ್ಲಿ ಜಾಗ ಕೇಳುವಾಗ ಅವರಿಗೆ ನೀನು ಏನು ಮಾಡುತ್ತೀಯ ಅಂತ ಗೊತ್ತಿರುತ್ತದೆ.

ನಿನ್ನ
ಗೆಳೆಯ